ಮಲ್ಲಯ್ಯನ ಕಡೆ ನಡೆದುಹೋದ ಹೆಬ್ಬೆರಳು

ಒಂದು ಸಲ ‘ಟುಂಯ್’ ಅಂದರೆ ಹೋಗಬಹುದು, ಎರಡು ಸಲ ಅಂದರೆ ಇಲ್ಲ. ಮಹಾರಾಷ್ಟ್ರದ ಗಡಿಯ ಉದಗೀರದ ಹುಡುಗಿಯರ ಹಾಸ್ಟೆಲಿನಲ್ಲಿ ರೆಕ್ಟರ್, ಅಂದರೆ ವಾರ್ಡನ್, ಆಗಿದ್ದ ನನ್ನ ಕೊನೆಯ ವರ್ಷಗಳ ಸದ್ದು ಅದು. ನಾನು ಕಾನ್ವೆಂಟಿನಲ್ಲಿ ಓದುವಾಗ ಹೊರಗೆ ಹೋಗಬೇಕಾದರೆ ಸಿಸ್ಟರ್ ಮುಖ ನೋಡುತ್ತಿದ್ದೆವು. ಅವರ ಹುಬ್ಬು ಸ್ವಲ್ಪ ಮೇಲೇರಿದರೆ ಪರ್ಮಿಷನ್ ಸಿಕ್ಕಂತೆ. ಈಗ ಆ ಹುಬ್ಬಿನ ಕೆಲಸವನ್ನು ಗೇಟಿನ ಗೋಡೆಯ ಟ್ಯಾಬ್ಲೆಟ್ ಮಾಡುತ್ತಿತ್ತು.

ಹುಡುಗಿ ಊರು ಬಿಟ್ಟು ಹೋಗಬೇಕಾದರೆ ಆ್ಯಪಿನಲ್ಲಿ ಕೇಳಬೇಕು. ಅದು ಗಾರ್ಡಿಯನ್ ಫೋನಿಗೆ ಹೋಗುತ್ತದೆ. ಅವರು ಒಪ್ಪಿಗೆ ಒತ್ತಿದರೆ ನನ್ನ ಲಾಗಿನ್ನಿಗೆ ಬರುತ್ತದೆ. ಗಾರ್ಡಿಯನ್ ತನ್ನ ಅಧಿಕಾರವನ್ನು ಬೇರೆಯವರ ಹೆಸರಿಗೂ ಕೊಡಬಹುದು, ಡೆಲಿಗೇಟ್ ಮಾಡುವುದು ಅಂತಾರೆ. ಆದರೆ ಕೊಡುವವರು ಅವರೇ ಇರಬೇಕು. ರೆಕ್ಟರ್ ಆದ ನಾನೂ ಕೊಡುವ ಹಾಗಿಲ್ಲ. ಟ್ರೇನಿಂಗ್ ಕೊಡಲು ಬಂದ ಇಂಜಿನಿಯರ್ ಇದನ್ನು ಹೇಳಿದಾಗ ನಾನು ತಲೆ ಆಡಿಸಿದ್ದೆ. ಸರಿಯಾದ ಮಾತೇ ಅಲ್ಲವೆ?

ಕಾಸಾರಶಿರಸಿ ಕಡೆಯ ಒಂದು ಹಳ್ಳಿಯ ಹೆಣ್ಣುಮಗಳು ಮಗಳನ್ನು ಸೇರಿಸಲು ಬಂದಾಗ ನಂಬರ್ ಕೇಳಿದ್ದೆ. ಗಂಡ ತೀರಿಹೋಗಿದ್ದ. ಸಂಚಿಯಲ್ಲಿ ಆಕೆಯದೇ ಫೋನಿತ್ತು. ಕೊಟ್ಟದ್ದು ಗಂಡನ ಅಣ್ಣನ ನಂಬರ್. “ಮನ್ಯಾಗ ಹಿರೇರು ಇದ್ದಾಗ ನಂದ್ಯಾಕ್ರಿ ಬಾಯಿ?” ಎಂದಳು. ಮೇಡಮ್ಮಿಗೆ ಇಲ್ಲಿ ‘ಬಾಯಿ’ ಅಂತಾರೆ. ನಾನೂ ಈ ಕಡೆಯವಳೇ. ಎರಡನೇ ಸಲ ಕೇಳಲಿಲ್ಲ. ಎಲ್ಲ ತಾಯಂದಿರೂ ಹಾಗೇ ಕೊಡುತ್ತಿದ್ದರು.

ಆ ಹುಡುಗಿ ಕೊನೆಯ ವರ್ಷದಲ್ಲಿದ್ದಾಗ ಲಾತೂರಿನ ಆಸ್ಪತ್ರೆಯೊಂದರ ಲ್ಯಾಬಿನಿಂದ ಇಂಟರ್‌ವ್ಯೂಗೆ ಕರೆ ಬಂತು. ಮರುದಿನ ಬೆಳಿಗ್ಗೆಯೇ ಹೋಗಬೇಕು, ತಪ್ಪಿದರೆ ಇನ್ನೊಬ್ಬರಿಗೆ. ಆ್ಯಪಿನಲ್ಲಿ ಕೇಳಿದಳು, ದೊಡ್ಡಪ್ಪನ ಒಪ್ಪಿಗೆ ಬರಲಿಲ್ಲ. ಗೇಟಿನ ಹತ್ತಿರ ಹೋದಾಗಲೆಲ್ಲ ಎರಡು ಟುಂಯ್. ಸಂಜೆಗೆ ತಾಯಿ ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ಬಂದಿಳಿದಳು. ಟವೆಲಿನ ಗಂಟು ಬಿಚ್ಚಿ ಭಾವನ ಫೋನನ್ನೇ ನನ್ನ ಟೇಬಲ್ ಮೇಲಿಟ್ಟಳು.

“ಫೋನ್ ತಂದೀನ್ರಿ ಬಾಯಿ. ನೀವೇ ಒತ್ರಿ.”

ಫೋನು ಬೆರಳು ಕೇಳಿತು.

“ನಿಮ್ಮ ಭಾವನೋರು ಎಲ್ಲವ್ವಾ?”

“ಶ್ರೀಶೈಲ ಮಲ್ಲಯ್ಯನ ಕಡಿ ನಡಕೋತ ಹೋಗ್ಯಾರ್ರಿ. ದೇವರ ದಾರ್ಯಾಗ ಫೋನ್ ಯಾಕಂತ ಮನ್ಯಾಗೇ ಇಟ್ಟಾರ.”

“ಫೋನ್ ಬಿಟ್ಟು ಬೆರಳು ಒಯ್ದಾರಲ್ಲ!”

“ಬೆರಳು ಬಿಟ್ಟು ಹ್ಯಾಂಗ ಹೋಗ್ತಾರ್ರಿ?” ಎಂದು ನಕ್ಕಳು. ಮಗಳು ನಗಲಿಲ್ಲ. “ನಂದು ಹಚ್ಚಿ ನೋಡ್ಲ್ಯಾ? ಒಂದೇ ಮನಿ ಅಲ್ಲೇನ್ರಿ?” ಹೆಬ್ಬೆರಳನ್ನು ಸೆರಗಿಗೆ ಒರೆಸಿ ಹಚ್ಚಿದಳು. ಒತ್ತಿ ಹಿಡಿದಳು. ಫೋನು ಒಪ್ಪಲಿಲ್ಲ.

ನಮ್ಮ ಮರಾಠಿ ಕ್ಲರ್ಕ್ ಇಣುಕಿ, “ಮ್ಯಾಡಮ್, ಇಮರ್ಜನ್ಸಿ ಆಹೆ ನಾ!” ಎಂದ. ಇಮರ್ಜನ್ಸಿ ಇದೆಯಲ್ಲ ಅಂತ. ಇತ್ತು, ನನ್ನ ಲಾಗಿನ್ನಿನಲ್ಲಿ, ಗಾರ್ಡಿಯನ್ ಒಪ್ಪಿಗೆ ಬೇಡದ ಬಟನ್. ಹುಡುಗಿಗೆ ಕಾಯಿಲೆ ಅಥವಾ ಮನೆಯಲ್ಲಿ ಸಾವು, ಎರಡರಲ್ಲಿ ಒಂದು.

“ಸಾವು ಅಂತ ಒತ್ತಲಿಕ್ಕೆ ಯಾರು ಸತ್ತಾರ?” ಎಂದೆ, ಬೇಸರದಿಂದ.

“ಆಕಿ ಅಪ್ಪ ಸತ್ತಾರಲ್ರಿ,” ಎಂದಳು ತಾಯಿ.

“ಅದು ಹಳೇದಾತವ್ವಾ.”

“ಹಳೇದಾದ್ರ ಸುಳ್ಳಾಗ್ತದೇನ್ರಿ?”

ಸ್ಕ್ರೀನ್ ನೋಡಿದೆ. ಯಾರು ಎಂದು ಕೇಳಿತ್ತು. ಯಾವಾಗ ಎಂದು ಕೇಳಿರಲಿಲ್ಲ. ‘ಫಾದರ್’ ಒತ್ತಿದೆ. ಆ ಕ್ಷಣವೇ ಟೇಬಲ್ ಮೇಲಿನ ಫೋನು ಗುರ್ರೆಂದಿತು, ಗಾರ್ಡಿಯನ್ನರಿಗೆ ಸಾವಿನ ಮೆಸೇಜು. ತಾಯಿ ಅದರ ಮೇಲೆ ಟವೆಲ್ ಹೊಚ್ಚಿದಳು.

ಹುಡುಗಿ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದಳು. ಕೆಲಸ ಸಿಕ್ಕಿತು, ಪರೀಕ್ಷೆ ಮುಗಿದ ಮೇಲೆ ಸೇರಬೇಕೆಂದರು.

ಯುಗಾದಿ ಕಳೆದು ಹುಡುಗಿಯ ದೊಡ್ಡಪ್ಪ ತಮ್ಮನ ಹೆಂಡತಿಯನ್ನು ಕರೆದುಕೊಂಡು ಬಂದರು. ಅಂಗಾಲು ಬಿರಿದು ಕುಂಟುತ್ತಿದ್ದರು. ಮೊದಲು ಪ್ರಸಾದ ಕೊಟ್ಟರು, ಆಮೇಲೆ ಫೋನ್ ತೋರಿಸಿದರು.

“ದೇವರ ದಾರಿ ನಡದು ಬಂದೀನ್ರಿ ಬಾಯಿ. ಮನಿಗಿ ಬಂದು ನೋಡ್ತೀನಿ, ಸಾವು ಅಂತ ಬಂದದ. ಎದಿ ಧಸಕ್ಕಂತು.”

ನಾನು ನಡೆದದ್ದು ಹೇಳಿದೆ. ಸಿಟ್ಟಾಗಲಿಲ್ಲ. “ನನ್ನ ತಮ್ಮಂದೇನ್ರಿ,” ಎಂದು ಆ ಮೆಸೇಜನ್ನು ಇನ್ನೊಮ್ಮೆ ನೋಡಿದರು. ಆಮೇಲೆ, “ಇನ್ನ ಹಿಂಗ ಆಗಬಾರ್ದು. ಆ ಡೆಲಿಗೇಟ್ ಏನದಲ್ಲ, ಅದನ್ನ ಮಾಡಿಬಿಡೋಣ,” ಎಂದು ತಾವೇ ಬೆರಳು ಹಚ್ಚಿ ಆ್ಯಪ್ ತೆರೆದರು. ನನಗೆ ಎಷ್ಟು ರಿಲೀಫ್ ಆಯಿತೆಂದರೆ, ಹುಡುಗಿಯ ತಾಯಿಯ ನಂಬರ್ ಹಾಕಲು ಕೈ ಚಾಚಿದ್ದೆ. ಅವರು ತಮ್ಮ ಮಗನ ನಂಬರ್ ಹೇಳಿದರು. “ಅಂವಗ ಮೊಬೈಲಿಂದು ಎಲ್ಲಾ ತಿಳೀತದ.”

ಅವನು ಆ ಹುಡುಗಿಗಿಂತ ಚಿಕ್ಕವನು.

“ತಾಯಿನೇ ಇಲ್ಲಿ ಕೂತಾರಲ್ರಿ,” ಎಂದೆ.

ಅವರು ನಿಜವಾಗಿಯೂ ಆಕೆಯ ಕಡೆ ತಿರುಗಿದರು. “ಏನವಾ, ನಿಂದು ಹಾಕ್ಲ್ಯಾ?”

“ಬ್ಯಾಡ್ರಿ. ಹುಡುಗಂದೇ ಹಾಕ್ರಿ,” ಎಂದಳು ಆಕೆ, ನೆಲ ನೋಡುತ್ತ.

ನಾನೇನು ಮಾಡಲಿ? ಹುಡುಗನದೇ ಬಿತ್ತು. ಎರಡು ವರ್ಷ ಇಂಥದ್ದನ್ನೇ ನೋಡಿ ನೋಡಿ ನನಗೆ ವಾದಿಸುವ ಶಕ್ತಿ ಉಳಿದಿರಲಿಲ್ಲ.

ದೊಡ್ಡಪ್ಪ ಆಟೋ ನಿಲ್ಲಿಸಲು ಹೊರಗೆ ಹೋದರು. ಆಕೆ ಎದ್ದವಳು ಟೇಬಲ್ ಹತ್ತಿರ ಬಂದಳು.

“ಬಾಯಿ, ಅದರಾಗ ನನ್ನ ಹೆಸರು ಎಲ್ಲರೆ ಅದ ಏನ್ರಿ?”

ಮಗಳ ಪ್ರೊಫೈಲ್ ತೆರೆದು ತೋರಿಸಿದೆ. ‘ಮದರ್ಸ್ ನೇಮ್’ ಎಂಬುದರ ಮುಂದೆ ಇತ್ತು.

“ಇದನ್ನ ಒತ್ತಿದ್ರ ಏನಾಗ್ತದ?”

“ಏನೂ ಆಗೂದಿಲ್ಲವ್ವಾ.”

ಆದರೂ ಒಂದು ಸಲ ಒತ್ತಿ ನೋಡಿದಳು. ಹೊರಗಿಂದ ಭಾವ ಕರೆದರು. ಹೋಗಿ ಶೇರ್ ಆಟೋದ ಹಿಂದಿನ ಸೀಟಿನಲ್ಲಿ, ಜನರ ನಡುವೆ ಜಾಗ ಮಾಡಿಕೊಂಡು ಕೂತಳು. ಮಗಳು ಲಾತೂರಿಗೆ ಹೋದ ಮೇಲೆ ಆಕೆ ಉದಗೀರಕ್ಕೆ ಬರುವ ಕಾರಣವೇ ಇರಲಿಲ್ಲ. ನಾನು ಮತ್ತೆ ನೋಡಲಿಲ್ಲ.