ಒಂಬತ್ತನೇ ಮಹಡಿಗೆ ಬಂದ ಒಣಮೀನಿನ ವಾಸನೆ

೨೦೦೯ರ ಆರಂಭದಲ್ಲಿ ನಾನು ದುಬೈಯಲ್ಲಿ, ಕಟ್ಟಡ ಕಾಮಗಾರಿಯ ಮೇಲ್ವಿಚಾರಣೆ ಮಾಡುವ ಕನ್ಸಲ್ಟೆನ್ಸಿ ಕಂಪನಿಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದೆ. ಕಂಪನಿಯ ಮೂಲ ಕಚೇರಿ ಐರ್ಲೆಂಡಿನ ಡಬ್ಲಿನ್‌ನಲ್ಲಿತ್ತು. ಗುತ್ತಿಗೆದಾರ ಕಟ್ಟಿದ್ದು ನಕ್ಷೆಯಲ್ಲಿರುವಂತೆಯೇ ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ಜಗಳ ಮಾಡಿ ಸರಿಪಡಿಸಿಕೊಳ್ಳುವುದು ನನ್ನ ಕೆಲಸ. ಎರಡನೆಯದಕ್ಕೆ ನನಗೆ ಯಾವ ತರಬೇತಿಯೂ ಬೇಕಾಗಿರಲಿಲ್ಲ. ಉಡುಪಿಯಲ್ಲಿ ನಮ್ಮ ಮನೆಯವರಿಗೆ ಊರವರು ಇಟ್ಟ ಹೆಸರೇ 'ಹಟದ ಶೆಟ್ರು' ಎಂದು.

ಆ ವರ್ಷ ದುಬೈಯ ಗಾಳಿಯೇ ಬದಲಾಗಿತ್ತು. ಅರ್ಧಕ್ಕೆ ನಿಂತ ಕಟ್ಟಡಗಳ ಮೇಲೆ ಕ್ರೇನುಗಳು ಅಲ್ಲಾಡದೆ ನಿಂತಿದ್ದವು. ಕರಾಮದ ನಮ್ಮ ಬಿಲ್ಡಿಂಗಿನಲ್ಲಿ ವಾರಕ್ಕೊಂದು ಸಂಸಾರ ಸಾಮಾನು ಕಟ್ಟಿಕೊಂಡು ಊರಿಗೆ ಹೋಗುತ್ತಿತ್ತು. ಇಲ್ಲಿ ಕೆಲಸ ಹೋಯಿತೆಂದರೆ ವೀಸಾ ಹೋಯಿತು, ವೀಸಾ ಹೋಯಿತೆಂದರೆ ಮನೆ, ಮಗಳ ಶಾಲೆ ಎಲ್ಲವೂ ಹೋಯಿತು. ಡಬ್ಲಿನ್‌ನ ಸ್ಥಿತಿ ಇನ್ನೂ ಕೆಟ್ಟಿತ್ತು. ಅಲ್ಲಿ ಬ್ಯಾಂಕುಗಳು ಬಿಲ್ಡರುಗಳಿಗೆ ಲಗಾಮಿಲ್ಲದೆ ಸಾಲ ಕೊಟ್ಟು ಮುಗ್ಗರಿಸಿ, ಕೊನೆಗೆ ಸರ್ಕಾರವೇ ಅವುಗಳಿಗೆ ಜಾಮೀನು ನಿಲ್ಲಬೇಕಾಗಿ ಬಂದಿತ್ತು. ಆ ಕುಸಿತದಲ್ಲಿ ಕೆಲಸ ಕಳೆದುಕೊಳ್ಳುವ ಬದಲು ನಮ್ಮ ಶಾಖೆಗೆ ಪ್ರಾಜೆಕ್ಟ್ ಡೈರೆಕ್ಟರ್ ಆಗಿ ಬಂದಾತ ಬ್ರೆಂಡನ್. ನಲವತ್ತು ದಾಟದ, ಬಿಸಿಲಿಗೆ ಮೂಗು ಕೆಂಪಾದ, ನಗುಮುಖದ ಮನುಷ್ಯ. ಸರ್ ಎಂದರೆ ಸಿಟ್ಟಾಗುತ್ತಿದ್ದ, ಹೆಸರು ಹಿಡಿದೇ ಕರೆಯಬೇಕು.

ನಮ್ಮ ಪ್ರಾಜೆಕ್ಟ್ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿದ್ದ ಎರಡು ವಸತಿ ಟವರ್‌ಗಳು. ಎ ಟವರ್ ನಾನು ಸೇರುವ ಮೊದಲೇ ಮುಗಿದು, ಜನ ಬಂದು ವಾಸವಾಗಿದ್ದರು. ಬಿ ಟವರ್ ಹಸ್ತಾಂತರಕ್ಕೆ ಸಿದ್ಧವಾಗಿತ್ತು. ಅದರ ಕಂಪ್ಲೀಷನ್ ಸರ್ಟಿಫಿಕೇಟ್‌ಗೆ, ಅಂದರೆ ಕಟ್ಟಡ ನಿಯಮದಂತೆ ಮುಗಿದಿದೆ ಎಂಬ ಪತ್ರಕ್ಕೆ, ಬ್ರೆಂಡನ್‌ನದೂ ನನ್ನದೂ ಸಹಿ ಬೇಕಿತ್ತು.

ಡಬ್ಲಿನ್‌ನಿಂದ ಬಂದ ಆ ಪತ್ರದ ಮಾದರಿಯಲ್ಲಿ ಒಂದು ವಾಕ್ಯ ನನ್ನ ಕಣ್ಣಿಗೆ ಚುಚ್ಚಿತು. ಕಣ್ಣಿಗೆ ಕಾಣುವ ಭಾಗಗಳನ್ನು ಮಾತ್ರ ನೋಡಿ ಈ ಅಭಿಪ್ರಾಯ ಕೊಡಲಾಗಿದೆ ಎಂದಿತ್ತು. ಇದೇನು ಎಂದು ಬ್ರೆಂಡನ್‌ನನ್ನು ಕೇಳಿದೆ. ಆತ ಯಾವ ಸಂಕೋಚವೂ ಇಲ್ಲದೆ ವಿವರಿಸಿದ.

"ನಮ್ಮಲ್ಲಿ ಹೀಗೇ ಶೆಟ್ಟಿ. ಬಿಲ್ಡರ್ ನೇಮಿಸಿದ ಆರ್ಕಿಟೆಕ್ಟ್ ಒಂದು ಸುತ್ತು ಹಾಕಿ ಪತ್ರ ಕೊಡುತ್ತಾನೆ. ಆ ಪತ್ರ ನೋಡಿ ವಕೀಲ ಒಪ್ಪುತ್ತಾನೆ, ವಕೀಲ ಒಪ್ಪಿದ ಎಂದು ಬ್ಯಾಂಕ್ ಸಾಲ ಕೊಡುತ್ತದೆ. ಸರ್ಕಾರದವರು ಬಂದು ನೋಡುವುದು ಅಪರೂಪ. ವೃತ್ತಿಯವರನ್ನು ನಂಬುತ್ತೇವೆ."

"ಗೋಡೆಯೊಳಗೆ ಏನಿದೆ ಎಂದು ನೋಡುವವರು ಯಾರು?" ಎಂದೆ.

"ಗೋಡೆ ಕಟ್ಟಿದವನು ನೋಡಿರುತ್ತಾನೆ," ಎಂದ ಬ್ರೆಂಡನ್.

ನನಗೆ ಮೈ ಉರಿಯಿತು. ಆದರೆ ಉರಿದ ಮಾತ್ರಕ್ಕೆ ಏನನ್ನೂ ಸಾಬೀತು ಮಾಡಿದಂತೆ ಆಗುವುದಿಲ್ಲವಲ್ಲ.

ಅದೇ ವಾರ ಎ ಟವರ್‌ನ ಮೆಂಟೆನೆನ್ಸ್ ಆಫೀಸಿಗೆ ಬೇರೆ ಕೆಲಸದ ಮೇಲೆ ಹೋಗಿದ್ದೆ. ಲಿಫ್ಟಿನಲ್ಲಿ ಹೊಸದೊಂದು ನೋಟೀಸ್ ಅಂಟಿಸಿದ್ದರು: ತೀಕ್ಷ್ಣ ವಾಸನೆಯ ಅಡುಗೆ ಮಾಡಿ ನೆರೆಯವರಿಗೆ ತೊಂದರೆ ಕೊಡಬಾರದು. ವಿಚಾರಿಸಿದೆ. ಒಂಬತ್ತನೇ ಮಹಡಿಯ ಮೈಸೂರಿನ ಸಂಸಾರವೊಂದು ಮೇಲಿಂದ ಮೇಲೆ ದೂರು ಕೊಡುತ್ತಿದೆ, ಮೂರನೇ ಮಹಡಿಯಲ್ಲಿರುವ ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರ ಮನೆಯವರು ಒಣಮೀನು ಹುರಿಯುತ್ತಾರಂತೆ ಎಂದರು. ಆಫೀಸಿನ ಹುಡುಗಿಗೆ ಇದು ನಿಮ್ಮೂರಿನವರ ಜಗಳ ಎಂಬ ನಗು.

ನಗಬೇಕಾದ ವಿಷಯವೇ. ಸಸ್ಯಾಹಾರಿಗಳಿಗೂ ಮೀನು ತಿನ್ನುವವರಿಗೂ ವಾಸನೆಯ ಕಾರಣಕ್ಕೆ ಮುನಿಸು ಬರುವುದು ನಮಗೇನು ಹೊಸತಲ್ಲ. ನಮ್ಮವರು ಮರಳುಗಾಡಿಗೆ ಬಂದರೂ ಅದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ಬರುತ್ತಾರೆ. ಆದರೆ ಮೆಟ್ಟಿಲು ಇಳಿಯುವಾಗ ಒಂದು ಪ್ರಶ್ನೆ ಕಾಡಿತು. ಮೂರನೇ ಮಹಡಿಯ ವಾಸನೆ ನಾಲ್ಕಕ್ಕೆ ಬಂದರೆ ಸರಿ. ಕಿಟಕಿ ಮುಚ್ಚಿ, ಎ.ಸಿ. ಹಾಕಿಕೊಂಡು ಬದುಕುವ ಈ ಊರಿನಲ್ಲಿ ಅದು ಒಂಬತ್ತಕ್ಕೆ ಹೋಗುವುದು ಹೇಗೆ?

ಅಲ್ಲಿಂದಲೇ ತಿರುಗಿ ಒಂಬತ್ತನೇ ಮಹಡಿಗೆ ಹೋದೆ. ಬಾಗಿಲು ತೆರೆದವರು ವಸುಧಾ. ಸೊಂಟದ ಮೇಲೆ ಇನ್ನೂ ಹಲ್ಲು ಬಾರದ ಮಗಳು. ಗಂಡ ಹತ್ತಿರದಲ್ಲೇ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು.

"ನಿಮ್ಗೇ ತೋರಿಸ್ತೀನಿ ಬನ್ನಿ ಸಾರ್," ಎಂದು ಆಕೆ ಮಲಗುವ ಕೋಣೆಯ ಬಾತ್‌ರೂಮಿಗೆ ಕರೆದೊಯ್ದರು. "ಬಾಲ್ಕನೀಲಿ ಇಲ್ಲ, ಕಾರಿಡಾರಲ್ಲಿ ಇಲ್ಲ, ಇಲ್ಲೊಂದೇ. ಬಾಗ್ಲು ತೆಗೆದ್ರೆ ಸಾಕು, ಗಪ್ಪಂತ ಬರತ್ತೆ. ಮಗೂನ ಮಲಗ್ಸೋದು ಪಕ್ಕದ ರೂಮಲ್ಲೇ. ಅವ್ರು ಏನಾದ್ರೂ ತಿನ್ಲಿ ಸಾರ್, ನಮ್ಮ ಬಾತ್‌ರೂಮಿಗೆ ಯಾಕೆ ಬರ್ಬೇಕು?"

ಆಕೆ ಸಿಟ್ಟಿನಲ್ಲಿ ಕೇಳಿದ ಪ್ರಶ್ನೆ ನೂರಕ್ಕೆ ನೂರು ಸರಿಯಾಗಿತ್ತು. ಉತ್ತರ ಮಾತ್ರ ಮೂರನೇ ಮಹಡಿಯ ಅಡುಗೆಯಲ್ಲಿರಲಿಲ್ಲ.

ಪ್ರತಿ ಫ್ಲ್ಯಾಟಿನ ಅಡುಗೆಮನೆ ಮತ್ತು ಬಾತ್‌ರೂಮಿನ ಹಿಂದೆ ನೆಲದಿಂದ ತಾರಸಿಯವರೆಗೆ ಒಂದು ಕಿರಿದಾದ ಬಾವಿಯಂಥ ಜಾಗ ಇರುತ್ತದೆ. ಇದನ್ನು ಶಾಫ್ಟ್ ಎನ್ನುತ್ತೇವೆ. ನೀರಿನ, ಕೊಳಚೆಯ ಪೈಪುಗಳೆಲ್ಲ ಅದರಲ್ಲೇ ಹಾಯುತ್ತವೆ. ನಮ್ಮ ನಕ್ಷೆಯ ಪ್ರಕಾರ, ಪೈಪು ಪ್ರತಿ ಮಹಡಿಯ ಸ್ಲ್ಯಾಬನ್ನು ದಾಟುವಲ್ಲಿ, ಗೋಡೆಯನ್ನು ತೂರುವಲ್ಲಿ, ಸುತ್ತಲಿನ ಸಂದನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕಿತ್ತು. ಇದಕ್ಕೆ ಫೈರ್‌ಸ್ಟಾಪಿಂಗ್ ಎಂದು ಹೆಸರು. ಅದಿಲ್ಲದಿದ್ದರೆ ಶಾಫ್ಟ್ ಎಂಬುದು ಬಚ್ಚಲೊಲೆಯ ಹೊಗೆಕೊಳವೆಯೇ ಸರಿ. ವಾಸನೆ ಬರುವ ದಾರಿಯಲ್ಲೇ ಹೊಗೆಯೂ ಬರುತ್ತದೆ. ಕೆಳಗೆ ಯಾರದೋ ಅಡುಗೆಮನೆಗೆ ಬೆಂಕಿ ತಗಲಿದರೆ, ಮೇಲೆ ಮಲಗಿದ ಆ ಮಗುವಿನ ಕೋಣೆಗೆ ಹೊಗೆ ತುಂಬಲು ಎಷ್ಟು ಹೊತ್ತು ಬೇಕು?

ನಾನು ಬ್ರೆಂಡನ್‌ಗೆ ಹೇಳಿದೆ, ಎರಡೂ ಟವರ್‌ಗಳ ಶಾಫ್ಟ್ ತೆರೆದು ನೋಡದೆ ಬಿ ಟವರ್‌ಗೆ ನಾನು ಸಹಿ ಹಾಕುವುದಿಲ್ಲ ಎಂದು. ಗುತ್ತಿಗೆದಾರನ ಮ್ಯಾನೇಜರ್ ಅಲ್ಲೇ ಕೂತಿದ್ದ. "ಎ ಟವರ್ ಖಲಾಸ್, ಫಿನಿಶ್. ಅದಕ್ಕೆ ನಿಮ್ಮ ಕಂಪನಿಯ ಪತ್ರವೇ ಇದೆ," ಎಂದ. ಶಾಫ್ಟಿನ ಕೆಲಸ ಮಾಡಿದ ಸಬ್ ಕಾಂಟ್ರ್ಯಾಕ್ಟರ್‌ನನ್ನು ಕರೆಸಿ ಎಂದರೆ, ಅವನು ಬಾಗಿಲು ಹಾಕಿಕೊಂಡು ಊರು ಬಿಟ್ಟಿದ್ದಾನೆ ಎಂದ. ಬ್ರೆಂಡನ್ ನನ್ನ ಭುಜದ ಮೇಲೆ ಕೈಯಿಟ್ಟು, "ನೆರೆಹೊರೆಯವರ ಜಗಳವನ್ನು ನೀನು ಕಾಂಕ್ರೀಟಿನಲ್ಲಿ ಹುಡುಕುತ್ತಿದ್ದೀಯ," ಎಂದ.

ಸಂಜೆ ಡಬ್ಲಿನ್‌ನಿಂದ ನನಗೇ ಫೋನ್ ಬಂತು. ಬಿ ಟವರ್ ಹಸ್ತಾಂತರವಾಗದಿದ್ದರೆ ದುಬೈ ಶಾಖೆಯೇ ಉಳಿಯುವುದಿಲ್ಲ, ಸಹಿ ಹಾಕುವ ಬೇರೆ ಎಂಜಿನಿಯರ್‌ಗಳು ಈ ಊರಲ್ಲಿ ಈಗ ಬೇಕಾದಷ್ಟು ಸಿಗುತ್ತಾರೆ ಎಂದು ಬಹಳ ಮರ್ಯಾದೆಯಿಂದ ತಿಳಿಸಿದರು. ಮನೆಗೆ ಬಂದು ಹೆಂಡತಿ ಸುಜಾತಾಳಿಗೆ ಹೇಳಿದೆ. ಆಕೆ ಮಗಳ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟಳು.

"ಸಹಿ ಹಾಕಿ ಬಂದ್ರೆ ನೀವು ಸುಮ್ನೆ ಕೂತ್ಕೊಳ್ಳುವ ಜನ ಅಲ್ಲ," ಎಂದಳು ಆಮೇಲೆ. "ವರ್ಷಗಟ್ಲೆ ನನ್ನ ತಲೆ ತಿಂತೀರಿ. ಅದರ ಬದ್ಲು ಅವರ ತಲೆ ತಿನ್ನಿ. ಊರಿಗೆ ಹೋಗ್ಬೇಕಾದ್ರೆ ಹೋಗುವ, ಎಂತ ಈಗ."

ಮರುದಿನ ಮೂರನೇ ಮಹಡಿಯ ಬಾಗಿಲು ತಟ್ಟಿದೆ. ಝೊಹರಾ ಎಂಬ ಆ ಗೃಹಿಣಿ ಬಂಟ್ವಾಳದ ಕಡೆಯವರು. ಗಂಡನಿಗೆ ದೇರಾದಲ್ಲಿ ಬಟ್ಟೆ ವ್ಯಾಪಾರ. ನಾನು ಬಂದ ಕಾರಣ ಹೇಳಿ, ದಯವಿಟ್ಟು ಒಣಮೀನು ಹುರಿಯಬೇಕು ಎಂದು ಕೇಳಿಕೊಂಡಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೋಟೀಸ್ ಹಾಕಿದವ್ರೇ ಈಗ ಬಂದು ಮೀನು ಕಾಯಿಸಿ ಅಂತ ಹೇಳುದಾ? ಎಂತ ಕಥೆ ಮಾರಾಯ್ರೆ ನಿಮ್ದು," ಎಂದರು. ನಂತರ ದನಿ ಇಳಿಯಿತು. "ಲಿಫ್ಟಲ್ಲಿ ಹೋದ್ರೆ ಜನ ಮೂಗು ಮುಚ್ಚಿಕೊಳ್ತಾರೆ ಶೆಟ್ರೇ. ನೋಟೀಸ್ ಹಾಕಿದ ಮೇಲೆ ನಾವು ಮೀನೇ ಬಿಟ್ಟಿದ್ದೇವೆ."

"ತಪ್ಪು ನಿಮ್ಮದಲ್ಲ ಝೊಹರಕ್ಕ, ಗೋಡೆಯದ್ದು. ಅದನ್ನು ತೋರಿಸ್ಲಿಕ್ಕೆ ನಿಮ್ಮ ಸಹಾಯ ಬೇಕು," ಎಂದೆ.

ಅವರು ಮೇಲಿನ ಕಪಾಟಿನಿಂದ ಒಣಮೀನಿನ ಡಬ್ಬಿ ಇಳಿಸಿದರು. ಇತ್ತ ಬ್ರೆಂಡನ್‌ನನ್ನು, ಕೊನೆಯ ಸಲ ಒಂದು ಜಾಗ ನೋಡಿ ಬಾ, ಆಮೇಲೆ ನಿನ್ನಿಷ್ಟ ಎಂದು ಹೇಳಿ ವಸುಧಾ ಅವರ ಬಾತ್‌ರೂಮಿಗೆ ಕರೆದುಕೊಂಡು ಹೋದೆ. ಕೆಳಗೆ ಬಾಣಲೆ ಇಟ್ಟದ್ದು ಅವನಿಗೆ ಗೊತ್ತಿರಲಿಲ್ಲ. ಮೂವರೂ ಆ ಇಕ್ಕಟ್ಟಿನಲ್ಲಿ ನಿಂತೆವು. ಸ್ವಲ್ಪ ಹೊತ್ತಿಗೆ ಫಾಲ್ಸ್ ಸೀಲಿಂಗಿನ ಸಂದಿನಿಂದ ಒಣ ಬಂಗುಡೆ ಎಣ್ಣೆಯಲ್ಲಿ ಹುರಿಯುವ ವಾಸನೆ ಇಳಿಯಿತು. ವಸುಧಾ ಸೆರಗು ಮೂಗಿಗಿಟ್ಟರು. ನನ್ನ ಬಾಯಲ್ಲಿ ನೀರೂರಿತು, ಸುಳ್ಳು ಹೇಳುವುದೇಕೆ.

"ಇದು ಎಲ್ಲಿಂದ?" ಎಂದ ಬ್ರೆಂಡನ್.

"ಮೂರನೇ ಮಹಡಿಯಿಂದ. ಈಗ ಹೇಳು, ಇದು ಹೊಗೆಯಾಗಿದ್ದರೆ?"

ಆತ ಸೀಲಿಂಗನ್ನೇ ನೋಡುತ್ತ ನಿಂತ. ಮುಖದ ನಗು ಪೂರ್ತಿ ಹೋಗಿತ್ತು. ತೀರಾ ತಗ್ಗಿದ ದನಿಯಲ್ಲಿ ಹೇಳಿದ, "ಡಬ್ಲಿನ್‌ನಲ್ಲಿ ನಾವಿರುವ ಫ್ಲ್ಯಾಟಿಗೆ ಕೆಳಗಿನ ಮನೆಯವನ ಸಿಗರೇಟಿನ ವಾಸನೆ ಬರುತ್ತದೆ. ನಾನು ಅವನ ಮೇಲೆ ದೂರು ಕೊಟ್ಟಿದ್ದೇನೆ. ಎರಡು ಸಲ."

ಆ ಫ್ಲ್ಯಾಟಿನಲ್ಲಿ ಆತನ ಹೆಂಡತಿ, ಇಬ್ಬರು ಮಕ್ಕಳು ಇದ್ದರು. ಆತ ವಸುಧಾ ಅವರಲ್ಲಿ ಕ್ಷಮೆ ಕೇಳಿ, ಅವರ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡು ಮನೆಗೆ ಫೋನ್ ಮಾಡಿದ. ಏನು ಮಾತಾಡಿದನೋ ಕೇಳಿಸಲಿಲ್ಲ. ಗಾಜಿನ ಆಚೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆವರೆಗೆ ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಅವನೂ ಯಾರದೋ ಪತ್ರ ನಂಬಿ ಸಾಲ ಮಾಡಿ ಮನೆ ಕೊಂಡವನೇ.

ಅಂದೇ ಬಿ ಟವರ್‌ನಲ್ಲಿ ಶಾಫ್ಟಿನ ಹಲಗೆ ಬಿಚ್ಚಿಸಿದೆವು. ಟಾರ್ಚ್ ಹಿಡಿದು ಕೆಳಗೆ ನೋಡಿದರೆ ನೆಲಮಹಡಿಯವರೆಗೆ ಬೆಳಕು ಹೋಯಿತು. ಎಲ್ಲೂ ಒಂದು ಹಿಡಿ ಫೈರ್‌ಸ್ಟಾಪಿಂಗ್ ಇರಲಿಲ್ಲ. ಎ ಟವರ್‌ನದೂ ಅದೇ ಹಣೆಬರಹ. ಬ್ರೆಂಡನ್ ನನ್ನೆದುರೇ ಡಬ್ಲಿನ್‌ಗೆ ಫೋನ್ ಮಾಡಿ, ಎರಡೂ ಟವರ್ ಸರಿಯಾಗುವವರೆಗೆ ತನ್ನ ಸಹಿಯೂ ಇಲ್ಲ ಎಂದ. ಇಬ್ಬರನ್ನೂ ತೆಗೆದು ಹೊಸಬರನ್ನು ಹುಡುಕುವಷ್ಟು ಸಮಯ ಅವರಿಗಿರಲಿಲ್ಲ. ಗುತ್ತಿಗೆದಾರ ಎಗರಾಡಿದ, ಕೊನೆಗೆ ದಾರಿ ಕಾಣದೆ ಒಪ್ಪಿದ. ಒಂದೊಂದು ಮಹಡಿಯ ಸಂದು ಮುಚ್ಚಿದಾಗಲೂ ನಾನೇ ಕೈಯಿಟ್ಟು ನೋಡಿದ ಮೇಲೆಯೇ ಹಲಗೆ ಮುಚ್ಚಿಸಿದೆ. ಆ ಬೇಸಿಗೆಯ ಸೆಕೆಯಲ್ಲಿ ಶಾಫ್ಟಿನೊಳಗೆ ತಲೆ ತೂರಿಸಿದ್ದು ನೆನೆದರೆ ಇಂದಿಗೂ ಬೆವರುತ್ತೇನೆ.

ಎಲ್ಲ ಮುಗಿದ ಮೇಲೆ ಝೊಹರಕ್ಕ ಮತ್ತೆ ಬಾಣಲೆ ಇಟ್ಟರು. ವಸುಧಾ ತಮ್ಮ ಬಾತ್‌ರೂಮಿನಲ್ಲಿ ನಿಂತು ಎಷ್ಟು ಉಸಿರೆಳೆದರೂ ಏನೂ ಸಿಗಲಿಲ್ಲ. ಲಿಫ್ಟಿನ ನೋಟೀಸನ್ನು ನಾನೇ ಕಿತ್ತು ಹಾಕಿದೆ. ಸರ್ಟಿಫಿಕೇಟಿನಲ್ಲಿ ಕಣ್ಣಿಗೆ ಕಾಣುವ ಭಾಗಗಳು ಎಂಬ ವಾಕ್ಯವನ್ನು ಬ್ರೆಂಡನ್ ಅಡ್ಡಗೆರೆ ಎಳೆದು ತೆಗೆದ. ಅದರ ಕೆಳಗೆ ಇಬ್ಬರೂ ಸಹಿ ಹಾಕಿದೆವು.

ನನ್ನ ಕಾಂಟ್ರ್ಯಾಕ್ಟನ್ನು ಕಂಪನಿ ಮುಂದುವರಿಸಲಿಲ್ಲ. ನಾನು ಅದನ್ನು ನಿರೀಕ್ಷಿಸಿದ್ದೆ. ಅದೃಷ್ಟಕ್ಕೆ ಅಬುಧಾಬಿಯಲ್ಲಿ ಬೇರೆ ಕೆಲಸ ಸಿಕ್ಕಿತು. ಬ್ರೆಂಡನ್ ಊರಿಗೆ ಮರಳಿದ. ಅವನ ಮನೆಯ ಗೋಡೆಯನ್ನು ಯಾರಾದರೂ ತೆರೆದು ನೋಡಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ವರ್ಷದ ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ಅಬುಧಾಬಿಯ ಅಲ್ ಮೀನಾ ಮೀನು ಮಾರುಕಟ್ಟೆಯಲ್ಲಿ ಅಂಜಲ್ ಆರಿಸುತ್ತಿದ್ದೆ. ವಸುಧಾ ಅವರ ಫೋನ್ ಬಂತು. ಹಿಂದಿನ ದಿನ ಝೊಹರಕ್ಕನ ಅಡುಗೆಮನೆಯಲ್ಲಿ ಎಣ್ಣೆಗೆ ಬೆಂಕಿ ಹತ್ತಿ ಕಪಾಟು, ಚಿಮಣಿ ಎಲ್ಲ ಸುಟ್ಟವಂತೆ. ಮನೆಯವರು ಬಾಗಿಲೆಳೆದುಕೊಂಡು ಕೆಳಗೆ ಓಡಿ ಪಾರಾದರಂತೆ. ನನ್ನ ಕೈಯಲ್ಲಿದ್ದ ಮೀನು ಹಾಗೆಯೇ ನಿಂತಿತು. ನಿಮ್ಮ ಮಗು ಎಂದು ನಾನು ಕೇಳುವ ಮೊದಲೇ ಆಕೆಯೇ ಹೇಳಿದರು, ಮೊದಲ ದಿನ ದೂರು ಹೇಳಿದ್ದ ಅದೇ ದನಿಯಲ್ಲಿ.

"ಫೈರ್ ಇಂಜಿನ್ ಬಂದ್ಮೇಲೇ ನಮ್ಗೆ ಗೊತ್ತಾಗಿದ್ದು ಸಾರ್. ಮಗು ಮಲ್ಗೇ ಇತ್ತು. ಕೆಳಗೆ ಅಷ್ಟು ಹೊಗೆ ಆಯ್ತಂತೆ, ನಮ್ಗೆ ಒಂಚೂರು ವಾಸನೇನೇ ಬರ್ಲಿಲ್ಲ."

ನಾನು ಅಲ್ಲೇ ಐಸಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂದಿತ್ತು. ಅಂಗಡಿಯವನು ಮೀನು ಬೇಕೋ ಬೇಡವೋ ಎಂದು ಎರಡು ಸಲ ಕೇಳಿದ. ಆಮೇಲೆ ಎಷ್ಟೋ ಸರ್ಟಿಫಿಕೇಟುಗಳಿಗೆ ಸಹಿ ಹಾಕಿದ್ದೇನೆ. ಪ್ರತಿ ಸಲವೂ ಪೆನ್ನು ತೆರೆಯುವ ಮೊದಲು, ಇದರೊಳಗೆ ಯಾವ ಮಗು ಮಲಗಲಿದೆ ಎಂದು ಕೇಳಿಕೊಂಡು, ಗೋಡೆ ತೆರೆಸಿ ನೋಡಿದ್ದೇನೆ.