ಬದನೆ ಒಟ್ಲು ಹಾಕಿದ ಕೈ

ಮಧುಗಿರಿಯಲ್ಲಿ ನನ್ನ ಕೈಗುಣಕ್ಕೆ ಹೆಸರಿತ್ತು. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಮಾಗಿ ಚಳಿ ಬಿದ್ದ ಕೂಡಲೇ ನಮ್ಮ ಹಿತ್ತಲಲ್ಲಿ ಸಸಿ ಎಬ್ಬಿಸಲು ಬದನೆ ಒಟ್ಲು ಹಾಕುತ್ತಿದ್ದೆವು. ಸಂಕ್ರಾಂತಿ ಕಳೆದ ಮೇಲೆ ಆ ಸಸಿಗಳನ್ನು ಕಿತ್ತು ಬಾವಿಯ ಪಕ್ಕದ ಪಾತಿಗಳಲ್ಲಿ ನೆಡುವುದು. ಬೀಜ ಚೆಲ್ಲುವ ಕೈ ಮುತ್ತೈದೆಯದೇ ಆಗಬೇಕೆಂದು ಅತ್ತೆಯ ಹಟ. ಹಾಗಾಗಿ ಮದುವೆಯಾಗಿ ಬಂದ ವರ್ಷವೇ ಆ ಕೆಲಸ ನನ್ನ ಪಾಲಿಗೆ ಬಂತು. ಬದನೆ ಬೀಜಕ್ಕೂ ಮೆಣಸಿನಕಾಯಿ ಬೀಜಕ್ಕೂ ವ್ಯತ್ಯಾಸ ಗೊತ್ತಿಲ್ಲದವಳು ನಾನು.

ಗೊತ್ತಿದ್ದವರು ದೊಡ್ಡತ್ತೆ, ನನ್ನ ಮಾವನ ಅಕ್ಕ. ಪಾವಗಡದ ಕಡೆಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ತವರಿಗೆ ಬಂದಿದ್ದರು. ಹಣ್ಣಾದ ಬದನೆ ಆರಿಸಿ, ಬೀಜ ತೆಗೆದು, ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಒಣಗಿಸುತ್ತಿದ್ದವರು ಅವರು. ಮಣ್ಣು ಹದ ಮಾಡುತ್ತಿದ್ದವರು, ಬೆಟ್ಟದ ನೆರಳು ಬೇಗ ಸರಿಯುವ ಮೂಲೆ ಹುಡುಕಿದವರೂ ಅವರೇ. ಸಸಿಗೆ ತೆಲುಗಿನವರ ಹಾಗೆ 'ನಾರು' ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ನಾನು ಅರಿಶಿನ ಕುಂಕುಮ ಇಟ್ಟುಕೊಂಡು ಬಂದು ಬೀಜ ಚೆಲ್ಲುವುದು, ಅವರು ಬಾಗಿಲ ಹಿಂದೆ ನಿಲ್ಲುವುದು. ಸಸಿ ದಟ್ಟವಾಗಿ ಎದ್ದರೆ ಹೊಗಳಿಕೆಯೆಲ್ಲ ನನಗೆ. ಒಮ್ಮೆ ಅಮಲ್ದಾರರ ಹೆಂಡತಿ ಕೂಡ ಹೇಳಿಕಳಿಸಿದ್ದರು. ರೇಷ್ಮೆ ಸೀರೆ ಉಟ್ಟು ಹೋಗಿ ಅವರ ಹಿತ್ತಲಲ್ಲೂ ಬೀಜ ಚೆಲ್ಲಿ ಬಂದೆ, ನಾಚಿಕೆಗೆಟ್ಟವಳು.

ದೊಡ್ಡತ್ತೆಗಿದ್ದ ಆಸೆ ಒಂದೇ: ಒಂದು ಸಲವಾದರೂ ತಾವೇ ಬೀಜ ಚೆಲ್ಲಬೇಕು. ನಾಲ್ಕನೆಯ ಚಳಿಗಾಲದಲ್ಲಿ ಅತ್ತೆಯನ್ನು ಬಾಯಿಬಿಟ್ಟು ಕೇಳಿದರು.

"ನಿಮ್ಗೇನ್ ಬುದ್ಧಿ ಕೆಟ್ಟೈತಾ ಅಕ್ಕಾ? ಒಟ್ಲು ಸುಟ್ಟೋಗ್ಲಿ ಅಂತ್ಲಾ?" ಎಂದು ಅತ್ತೆ ಹರಿಹಾಯ್ದರು. ಆ ವರ್ಷ ದೊಡ್ಡತ್ತೆ ಹಿತ್ತಲಿಗೆ ಕಾಲಿಡದಂತೆಯೇ ಮಾಡಿದರು.

ಚಳಿಗೆಂದು ಒಟ್ಲಿನ ಮೇಲೆ ಹೊದಿಸಿದ ಹುಲ್ಲನ್ನು ಮೊಳಕೆ ಕಂಡ ದಿನವೇ ತೆಗೆಯಬೇಕು. ದೊಡ್ಡತ್ತೆ ಅಡಿಗೆಮನೆಯಿಂದಲೇ ದಿನಾ ಕೇಳುತ್ತಿದ್ದರು: "ಹುಲ್ಲು ಎತ್ತಿ ನೋಡ್ದೇನಮ್ಮಾ?" ನೋಡಿದೆ ಎಂದುಬಿಡುತ್ತಿದ್ದೆ. ಬೆಳಗಿನ ಚಳಿಯಲ್ಲಿ ಹಿತ್ತಲಿಗೆ ಹೋಗಲು ನನಗೆ ಸೋಮಾರಿತನ. ಕೊನೆಗೆ ಎತ್ತಿದಾಗ ಮೊಳಕೆಗಳೆಲ್ಲ ಬಿಳಿಚಿಕೊಂಡು, ದಾರದಂತೆ ಉದ್ದವಾಗಿ ಮಲಗಿದ್ದವು. ಬುಡ ಕೊಳೆತಿತ್ತು.

ಅತ್ತೆ ಬೀದಿಗೆಲ್ಲ ಕೇಳುವಂತೆ ದೊಡ್ಡತ್ತೆಯ ಮೇಲೆ ಕೂಗಾಡಿದರು. "ನಿಮ್ ಕಣ್ ಬಿದ್ದೇ ಇಂಗಾಗಿದ್ದು! ನಾನೇ ಹಾಕ್ತೀನಿ ಅಂದಾಗ್ಲೇ ಎಲ್ಲಾ ಕೆಟ್ಟೋಯ್ತು!"

ನೆರೆಮನೆಯ ಹೆಂಗಸರು ಹೌದೆಂದು ತಲೆಯಾಡಿಸಿದರು. ದೊಡ್ಡತ್ತೆ ನನ್ನ ಮುಖ ನೋಡಿದರು. ಹುಲ್ಲು ತೆಗೆಯದಿದ್ದವಳು ನಾನೆಂದು ಅವರಿಗೆ ಗೊತ್ತಿತ್ತು. ನಾನೇ ಹೇಳಲಿ ಎಂದು ಕಾದರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಅತ್ತೆಯ ಮೇಲಿನ ಸಿಟ್ಟು ನನಗೆ ಇಂದಿಗೂ ಆರಿಲ್ಲ. ಅದರ ಹತ್ತರಷ್ಟು ಸಿಟ್ಟು ನನ್ನ ಮೇಲೇ ಇದೆ.

ಮುಂದಿನ ಮಾಗಿಗೆ, ಬೀಜ ಯಾವಾಗ ನೆನೆಹಾಕಬೇಕು ಎಂದು ಕೇಳಲು ದೊಡ್ಡತ್ತೆಯ ಬಳಿ ಹೋದೆ. ರಾಗಿ ಕೇರುತ್ತಿದ್ದವರು ತಲೆ ಎತ್ತಲಿಲ್ಲ.

"ಅದೆಲ್ಲಾ ನಂಗೆ ಮರ್ತೋಯ್ತು ಕಣಮ್ಮ" ಎಂದರು.

ಇನ್ನೊಂದು ಸಲ ಕೇಳುವ ಮುಖ ನನಗಿರಲಿಲ್ಲ.