ಮೇಜಿನಿಂದ ಎರಡು ಮಾರು ದೂರ

ಮೇಷ್ಟ್ರಾಗಿದ್ದಾಗ ನನಗೆ ಮೂಗಿನ ತುದಿಯಲ್ಲೇ ಕೋಪ. ಅದೇ ಮೂಗಿಗೆ ದಿನಕ್ಕೆ ಹತ್ತು ಸಲ ನಶ್ಯವೂ ಬೇಕಿತ್ತು. ಬೈರಾಪಟ್ಟಣದಿಂದ ಸೈಕಲ್ಲಿನಲ್ಲಿ ಹೋಗುವಷ್ಟು ದೂರದ ಹಳ್ಳಿ ಶಾಲೆ. ರಾಗಿ ಹೊಲಗಳೆಲ್ಲ ರೇಷ್ಮೆ ತೋಟಗಳಾಗಿ, ಮನೆಯವರು ಜಗಲಿಯಲ್ಲಿ ಮಲಗಿ ಹುಳುಗಳಿಗೆ ನಡುಮನೆ ಬಿಟ್ಟುಕೊಟ್ಟಿದ್ದ ಕಾಲ.

ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದ ಪುಸ್ತಕ ತಾ ಎಂದರೆ ನನ್ನ ಮೇಜಿನಿಂದ ಎರಡು ಮಾರು ದೂರದಲ್ಲೇ ನಿಂತುಬಿಡುತ್ತಿದ್ದಳು. ಗದರಿದರೂ ಅಷ್ಟೆ, ಬೆತ್ತ ತೆಗೆದುಕೊಂಡರೂ ಅಷ್ಟೆ. ಅಂಗೈ ಚಾಚಿ ಏಟು ತಿನ್ನುತ್ತಿದ್ದಳೇ ಹೊರತು ಪುಸ್ತಕ ಕೊಡುತ್ತಿರಲಿಲ್ಲ. ಲೆಕ್ಕ ಮಾಡಿಲ್ಲ, ಅದಕ್ಕೇ ಈ ಕಳ್ಳಾಟ ಎಂದು ತೀರ್ಮಾನಿಸಿದೆ. ‘ಮೊಂಡು. ಕಲಿಯುವ ಆಸಕ್ತಿ ಇಲ್ಲ’ ಎಂದು ಪ್ರಗತಿ ಪತ್ರದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಆಮೇಲೆ ಒಂದು ವಾರ ಅವಳು ಶಾಲೆಗೇ ಬರಲಿಲ್ಲ.

ಶನಿವಾರದ ಬೆಳಗಿನ ಶಾಲೆ ಮುಗಿಸಿ, ಹೆಸರು ಹೊಡೆದುಹಾಕುತ್ತೇನೆಂದು ಹೆದರಿಸಲು ಅವರ ಮನೆಗೇ ಹೋದೆ. ತಾಯಿ ಬಾಗಿಲಲ್ಲೇ ನೀರಿನ ಚೊಂಬು ಕೊಟ್ಟು ತಡೆದಳು.

“ಒಸಿ ಈಚೆನೇ ಕೂತ್ಕಳಿ ಮೇಷ್ಟ್ರೇ. ಇನ್ನು ನಾಕು ದಿನಕ್ಕೆ ಹುಳ ಗೂಡು ಕಟ್ತವೆ. ಈಗ ಹೊರಗ್ನೋರು ಒಳಕ್ಕೆ ಬರಬಾರ್ದು.”

ನನಗೇ ಪಾಠ ಹೇಳುತ್ತಾಳಲ್ಲ ಎಂದು ರೇಗಿತು. ಕಾಲು ತೊಳೆದವನೇ ಒಳಗೆ ನುಗ್ಗಿದೆ. ಹುಡುಗಿ ಹುಳುಗಳ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ರೇಷ್ಮೆ ಹುಳುವಿನ ಜೀವನದ ಹಂತಗಳನ್ನು ಹೇಳು ಎಂದು ಗದರುತ್ತಾ, ಅವಳು ಅತ್ತ ತಿರುಗಿದ್ದಾಗ ಸೊಪ್ಪಿನ ಕುಕ್ಕೆಗೆ ಕೈಹಾಕಿ ಒಂದು ಎಲೆ ತೆಗೆದು ಹತ್ತಿರದ ತಟ್ಟೆಗೆ ಇಟ್ಟೆ.

“ಅಯ್ಯೋ, ಮುಟ್ಬ್ಯಾಡಿ ಸಾ!”

ಅಷ್ಟು ದೊಡ್ಡ ದನಿ ಅವಳಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಆ ತಟ್ಟೆಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ವಾಪಸ್ಸು ಬಂದು ನನ್ನ ಬಲಗೈ ನೋಡಿದಳು.

“ಕುಕ್ಕೆ ಒಳಕ್ಕೂ ಕೈ ಹಾಕುದ್ರಾ ಸಾ?”

ಹೆಬ್ಬೆರಳಿನ ಉಗುರ ಸಂದಿಯಲ್ಲಿ ನಶ್ಯದ ಪುಡಿ. ಹೊಗೆಸೊಪ್ಪು ವಿಷವೆಂದು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದವನು ನಾನೇ. ‘ಇಲ್ಲ’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅಂದಿದ್ದರೆ ನಂಬುತ್ತಿದ್ದರು, ಮಿಕ್ಕ ತಟ್ಟೆಗಳಿಗೂ ಅದೇ ಸೊಪ್ಪು ಬೀಳುತ್ತಿತ್ತು.

“ಹಾಕಿದೆ” ಎಂದೆ.

ತಾಯಿ ಇಡೀ ಕುಕ್ಕೆಯ ಸೊಪ್ಪನ್ನು ತಿಪ್ಪೆಗೆ ಸುರಿದು ಬಂದಳು. ಮೂವರೂ ಅಂಗಳದ ತಟ್ಟೆಯ ಸುತ್ತ ಕೂತೆವು. ನಾನಿಟ್ಟ ಎಲೆಯನ್ನು ತೆಗೆದುಹಾಕಿದ್ದರೂ ಅಂಚು ಮೇದ ಹುಳುಗಳು ಒಂದೊಂದಾಗಿ ತಲೆ ಎತ್ತಿ ಹಸಿರು ನೀರು ಕಕ್ಕತೊಡಗಿದವು. ಆ ತಟ್ಟೆಯನ್ನು ಮತ್ತೆ ಒಳಗೆ ತರುವಂತಿರಲಿಲ್ಲ. ಒಳಗಿನವು ಏನಾಗುತ್ತವೋ ಎಂದು ಹುಡುಗಿ ಗಳಿಗೆಗೊಮ್ಮೆ ಎದ್ದು ಹೋಗಿ ನೋಡುತ್ತಿದ್ದಳು. ಬೈದುಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ.

ಹೊತ್ತು ಇಳಿಯುವಾಗ ತಾಯಿ ಹೇಳಿದಳು: “ಒಳಗ್ನವು ಮೇಯ್ತಾ ಅವೆ, ಬದುಕುದ್ವು. ಈ ನಶ್ಯಕ್ಕೇ ಹೆದರ್ಕಂಡು ಇವ್ಳು ನಿಮ್ಮ ಕೈಗೆ ಪುಸ್ತಕ ಕೊಡ್ತಿರ್ನಿಲ್ಲ ಮೇಷ್ಟ್ರೇ. ಸ್ಕೂಲಿಂದ ಬಂದೇಟ್ಗೆ ಸೊಪ್ಪು ಮುಟ್ಬೇಕಲ್ಲ.”

“ಹೇಳಬಾರದಿತ್ತೇನೇ?” ಎಂದೆ ಹುಡುಗಿಗೆ.

“ನಿಮ್ಮ ಕೈ ಗಲೀಜು ಅಂದ್ರೆ ಇನ್ನೆರಡು ಜಾಸ್ತಿ ಹೊಡೀತಿದ್ರಿ ಸಾ.”

ಹೊಡೆಯುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ. ಸೈಕಲ್ ತುಳಿಯದೆ ತಳ್ಳಿಕೊಂಡೇ ಮನೆಗೆ ಬಂದೆ, ಅಷ್ಟು ನಾಚಿಕೆಯಾಗಿತ್ತು.

ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮೇಲೆ ಅವಳು ಶಾಲೆಗೆ ಬಂದಳು. ನಶ್ಯ ಬಿಟ್ಟೆ ಎಂದರೆ ಸುಳ್ಳಾದೀತು. ಡಬ್ಬಿಯನ್ನು ಮನೆಯಲ್ಲೇ ಇಟ್ಟು, ಶಾಲೆಯ ಬೋರ್‌ವೆಲ್ಲಿನಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡಿದ್ದೆ. ಅವಳು ಎಂದಿನಂತೆ ಎರಡು ಮಾರು ದೂರದಲ್ಲಿ ನಿಂತಳು. ಏಟು ತಿನ್ನುವ ಮಕ್ಕಳು ಚಾಚುವ ಹಾಗೆ ನಾನು ಎರಡೂ ಅಂಗೈ ಚಾಚಿದೆ. ಅವಳು ಹತ್ತಿರ ಬಂದು, ಬಗ್ಗಿ ಮೂಸಿ ನೋಡಿ, ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ವರ್ಷವಿಡೀ ನಾನು ನೋಡದ ಪುಸ್ತಕ ಅದು. ಒಂದು ಲೆಕ್ಕವೂ ಬಿಟ್ಟಿರಲಿಲ್ಲ. ತಪ್ಪಿದ ಕಡೆ ಗೀಟು ಎಳೆದು, ಕೆಳಗೆ ಸರಿಮಾಡಿ ಬರೆದಿತ್ತು.

“ಯಾರು ತಿದ್ದಿದ್ದು?” ಎಂದೆ.

“ನಾನೇ ಸಾ. ನಿಮಗೆ ಕೊಡಂಗಿರ್ನಿಲ್ವಲ್ಲ.”